ಕಸೂತಿ ಹೊದಿಕೆಯ ಕೆಳಗಿನ ಕುಕೀ

ನಾನು ಒಂದು ಕುಕೀ. ಚಹಾದಲ್ಲಿ ಅದ್ದಿ ತಿನ್ನುವ ಜಾತಿಯದಲ್ಲ. ವೆಬ್‌ಸೈಟುಗಳು ನಿಮ್ಮ ಕಂಪ್ಯೂಟರಿನೊಳಗೆ ಇಟ್ಟುಹೋಗುವ ಗುರುತಿನ ಚೀಟಿ. ನನ್ನ ಕಥೆ ಹೇಳುತ್ತೇನೆ. ಆದರೆ ಈ ಪುಟ ತೆರೆದವರೂ ಈಗ ಓದುತ್ತಿರುವವರೂ ಒಬ್ಬರೇ ಎಂದು ನಾನು ನಂಬುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಅನುಮಾನ ನನ್ನ ಹುಟ್ಟುಗುಣ, ಅದು ನನಗೆ ಸುಮ್ಮನೆ ಬಂದದ್ದೂ ಅಲ್ಲ.

ಶಿಕ್ಷಕರ ವರ್ಗಾವಣೆಗೆಂದು ಮಾಡಿದ ಒಂದು ವೆಬ್‌ಸೈಟಿನ ಸರ್ವರಿನಲ್ಲಿ ನಾನು ಹುಟ್ಟಿದೆ. ಸರ್ವರ್ ಎಂದರೆ ದೂರದ ಊರಿನ ತಣ್ಣನೆಯ ಕೋಣೆಯಲ್ಲಿ ಗುಂಯ್ ಎನ್ನುತ್ತ ಕೂತಿರುವ ದೊಡ್ಡ ಕಂಪ್ಯೂಟರು. ಅವಳೇ ನನ್ನ ತಾಯಿ. ಅವಳಿಗೊಂದು ಕಾಯಿಲೆ, ಮರೆವು. ಕೇಳಿದವರಿಗೆ ಪುಟ ಕೊಟ್ಟು ಮುಗಿಸಿದ ಕೂಡಲೇ ಯಾರಿಗೆ ಕೊಟ್ಟೆ ಎಂಬುದೇ ಅವಳಿಗೆ ನೆನಪಿರುವುದಿಲ್ಲ. ಅದೇ ಮನುಷ್ಯ ಮರುಗಳಿಗೆ ಬಂದರೂ "ಯಾರು ನೀನು?" ಎನ್ನುತ್ತಾಳೆ. ಆ ಮರೆವಿಗೆ ಮದ್ದು ನಾವು. ಯಾರಾದರೂ ಹೆಸರು, ಪಾಸ್‌ವರ್ಡ್ ಸರಿಯಾಗಿ ಹೇಳಿ ಒಳಗೆ ಬಂದರೆ ಒಂದು ಉದ್ದನೆಯ ಸಂಖ್ಯೆಯನ್ನು ನಮಗೆ ಹೊರಿಸಿ ಕಳಿಸುತ್ತಾಳೆ, ಅದೇ ಸಂಖ್ಯೆಯನ್ನು ತನ್ನ ಬಳಿಯೂ ಇಟ್ಟುಕೊಳ್ಳುತ್ತಾಳೆ. ಆಮೇಲೆ ಆ ಮನುಷ್ಯ ಏನು ಕೇಳಿದರೂ ನಾವು ಓಡಿಹೋಗಿ ಸಂಖ್ಯೆ ತೋರಿಸಬೇಕು. ಸಂಖ್ಯೆ ಹೊಂದಿದರೆ ಸಾಕು, ಅವಳು ನಂಬಿಬಿಡುತ್ತಾಳೆ. ಮುಖ ನೋಡುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ.

ತಾಯಿಗೆ ಈ ಬುದ್ಧಿಯನ್ನೆಲ್ಲ ಕಲಿಸಿದವಳು ನಫೀಸಾ ನದಾಫ್ ಎಂಬ ಹುಡುಗಿ. ಸರ್ವರಿನ ಪ್ರೋಗ್ರಾಂ ಬರೆಯುವಾಗ ಸಾಲುಗಳ ನಡುವೆ ತನಗಾಗಿ ಟಿಪ್ಪಣಿ ಬರೆದುಕೊಳ್ಳುವ ಅಭ್ಯಾಸ ಅವಳಿಗಿತ್ತು. ಎಲ್ಲಕ್ಕಿಂತ ಮೇಲಿನ ಟಿಪ್ಪಣಿ ಹೀಗಿತ್ತು: 'ಹೊರಗಿನಿಂದ ಬಂದ ಏನನ್ನೂ ನಂಬಬೇಡ.' ನಾನು ಹುಟ್ಟಿದ ಮೇಲೆ ಮೊದಲು ಓದಿದ ವಾಕ್ಯವೇ ಅದು. ನನ್ನ ಹಣೆಬರಹ ಬರೆದವಳೂ ಅವಳೇ. ಬೀಗ ಹಾಕಿದ ಹಾದಿಯಲ್ಲೇ ಓಡಾಡಬೇಕು, ತೆರೆದ ಹಾದಿ ಹಿಡಿಯಕೂಡದು; ಪುಟದೊಳಗೆ ಕುಣಿಯುವ ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಂಗಳ ಕಣ್ಣಿಗೆ ಬೀಳಕೂಡದು; ಬೇರೆ ಸೈಟಿನವರು ಎಷ್ಟೇ ಉಪಾಯದಿಂದ ಕರೆದರೂ ಹೋಗಕೂಡದು. ಗಂಡನ ಮನೆಗೆ ಹೊರಟ ಮಗಳಿಗೂ ಯಾರೂ ಇಷ್ಟು ಬುದ್ಧಿಮಾತು ಹೇಳುವುದಿಲ್ಲ.

ನನ್ನ ಆಯಸ್ಸಿನ ವಿಷಯದಲ್ಲಿ ಮಾತ್ರ ನಫೀಸಾಳ ಮಾತು ನಡೆಯಲಿಲ್ಲ. ಅಲ್ಲೊಂದು ಸಿಟ್ಟಿನ ಟಿಪ್ಪಣಿ ಇತ್ತು: 'ಕಾಲು ಗಂಟೆ ಸಾಕು ಅಂದೆ. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲ, ಪದೇ ಪದೇ ಲಾಗಿನ್ ಆಗಲು ಶಿಕ್ಷಕರಿಗೆ ಕಷ್ಟ, ಸಂಜೆಯವರೆಗೂ ಇರಲಿ ಎಂದರು ದೊಡ್ಡವರು. ಅರ್ಜಿ ಹಿಂಪಡೆಯುವಾಗಲಾದರೂ ಮತ್ತೊಮ್ಮೆ ಪಾಸ್‌ವರ್ಡ್ ಕೇಳೋಣ ಅಂದೆ. ಅದೂ ಬೇಡವಂತೆ. ಒಂದು ಎಸ್ಸೆಮ್ಮೆಸ್ ಹೋಗುವಂತೆ ಮಾಡಿದ್ದೇನೆ. ದೇವರು ದೊಡ್ಡವನು.'

ಹೀಗೆ ಬೇಕಾದ್ದಕ್ಕಿಂತ ಹೆಚ್ಚು ಆಯಸ್ಸು ಹೊತ್ತು, ಒಂದು ಶನಿವಾರ ಬೆಳಿಗ್ಗೆ ನಾನು ಮುತ್ತಲದಿನ್ನಿ ಎಂಬ ಊರಿನ ಪ್ರೌಢಶಾಲೆಗೆ ಬಂದಿಳಿದೆ. ಶಾಲೆಗೆಲ್ಲ ಅದೊಂದೇ ಕಂಪ್ಯೂಟರು. ಹೆಡ್‌ಮಾಸ್ತರರ ಕೋಣೆಯ ಮೂಲೆಯಲ್ಲಿ, ಕರೆಂಟು ಹೋದರೆ ಟೀಂ ಟೀಂ ಎಂದು ಕೂಗುವ ಯುಪಿಎಸ್ ಪಕ್ಕದಲ್ಲಿ ಅದರ ಜಾಗ. ಕಂಪ್ಯೂಟರಿನ ಹೊರಗೆ ನೋಡಲು ನನಗೆ ಕಣ್ಣಿಲ್ಲ, ಕಿವಿ ಇದೆ. ಇನ್ನುಳಿದದ್ದನ್ನು ಕೀಲಿಗಳ ಮೇಲೆ ಬೀಳುವ ಬೆರಳುಗಳಿಂದ ತಿಳಿದುಕೊಳ್ಳುತ್ತೇನೆ.

ನನ್ನನ್ನು ಕರೆಸಿಕೊಂಡ ಬೆರಳುಗಳು ಮೆತ್ತಗಿದ್ದವು. ಪ್ರತಿ ಅಕ್ಷರದ ಮುಂದೆ ಅರೆಗಳಿಗೆ ನಿಂತು ಒತ್ತುತ್ತಿದ್ದವು. ಇಷ್ಟು ಹಿಂಜರಿಯುವವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ನಾನು ಮೊದಲು ಅವಳನ್ನೇ ಅನುಮಾನಿಸಿದೆ. ಅವಳು ಗಣಿತದ ಟೀಚರು, ಊರಿನವರ ಬಾಯಲ್ಲಿ ಅನ್ನಪೂರ್ಣಾ ಅಕ್ಕೋರು. ಕೋಣೆ ಗುಡಿಸುತ್ತಿದ್ದ ಜವಾನಿ ಮರಿಯವ್ವನ ಜೊತೆ ಅವಳು ಮಾತಾಡಿದ ಮೇಲೆಯೇ ನನಗೆ ವಿಷಯ ತಿಳಿದದ್ದು.

"ಧಾರವಾಡದ ಬಾಜೂಕ ಒಂದು ಸಾಲ್ಯಾಗ ಹುದ್ದೆ ಖಾಲಿ ಐತಿ ಮರಿಯವ್ವ. ಅದಕ್ಕ ಅರ್ಜಿ ಹಾಕಾಕತ್ತೀನಿ."

"ಸಿಗತೈತೇನ್ರಿ ಅಕ್ಕೋರ?"

"ಕೇಳಿದವರು ನಾ ಒಬ್ಬಾಕೇ ಅದೀನಿ. ಇವತ್ತ ಸಂಜೀತನಾ ಅರ್ಜಿ ಹಂಗ ಇದ್ರ ಸಾಕು, ಸಿಕ್ಕಂಗ."

"ಮಗಳ ಹಂತ್ಯಾಕ ಹೋದಂಗಾತು ಬಿಡ್ರಿ."

"ಆಕೀಗೆ ಕಿವಿ ಕೇಳೂದಿಲ್ಲಲ್ಲ, ತುಟಿ ನೋಡೇ ಮಾತು ಕಲೀಬೇಕು. ದಿನಾ ತಾಯಿ ತುಟಿ ನೋಡಿದ್ರ ಲಗೂನ ಬರತೈತಿ ಅಂತ ಅಲ್ಲಿ ಕಿವುಡ ಮಕ್ಕಳ ಸಾಲಿ ಟೀಚರು ಹೇಳ್ತಾರ. ನಾ ವಾರಕ್ಕೊಮ್ಮೆ ಹೋಗಿ ಬಂದ್ರ ಏನ್ ಕಲೀತಾಳು? ಇನ್ನೂ ಅವ್ವ ಅಂತ ಕರದಿಲ್ಲ ನನ್ನ."

ಅವಳನ್ನು ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವಳು ಅರ್ಜಿ ಸಲ್ಲಿಸಿದಳು. ನಾನು ಓಡಿದೆ, ತಾಯಿ ಸಂಖ್ಯೆ ನೋಡಿ "ಅನ್ನಪೂರ್ಣಾ, ಬಾ" ಎಂದಳು, ಕೆಲಸ ಮುಗಿಯಿತು. ಪುಟದ ಮೂಲೆಯಲ್ಲಿ 'ಹೊರಹೋಗು' ಎಂಬ ಗುಂಡಿಯೊಂದಿತ್ತು. ಅದನ್ನು ಒತ್ತಿದ್ದರೆ ನಾನು ಅಲ್ಲಿಗೇ ಸಾಯುತ್ತಿದ್ದೆ, ಯಾರಿಗೂ ತೊಂದರೆಯಿರುತ್ತಿರಲಿಲ್ಲ.

ಆದರೆ ಆ ಶಾಲೆಯ ಪದ್ಧತಿಯೇ ಬೇರೆ. ಹಳೆಯ ಯಂತ್ರ, ಒಮ್ಮೆ ಆರಿಸಿದರೆ ಮತ್ತೆ ಏಳಲು ತಕರಾರು ಮಾಡುತ್ತದೆಂದು ಅದನ್ನು ಯಾರೂ ಆರಿಸುತ್ತಿರಲಿಲ್ಲ. ಕೆಲಸವಾದ ಮೇಲೆ ಪರದೆಯ ಗುಂಡಿಯೊಂದನ್ನು ಒತ್ತಿ, ಮೇಲೊಂದು ಹೊದಿಕೆ ಹೊದಿಸಿಬಿಡುತ್ತಿದ್ದರು. ಗೋಪುರ, ತುಳಸಿಕಟ್ಟೆ, ನವಿಲುಗಳ ಕಸೂತಿ ಹಾಕಿದ ಆ ಹೊದಿಕೆಯನ್ನು ಅನ್ನಪೂರ್ಣಾಳೇ ಹೊಲಿದಿದ್ದಳು. ಅರಿವೆ ಮುಚ್ಚಿತೆಂದರೆ ಕಂಪ್ಯೂಟರು ಮುಚ್ಚಿತು ಎಂಬುದು ಅಲ್ಲಿ ಎಲ್ಲರ ನಂಬಿಕೆ. ಅವಳೂ ಹಾಗೇ ಮಾಡಿದಳು. ಅಂಚು ಜಗ್ಗಿ ಸರಿ ಮಾಡಿ, ಶಾಲೆ ಬಿಟ್ಟ ಮೇಲೆ ಧಾರವಾಡದ ಬಸ್ಸು ಹಿಡಿಯಲು ಹೋದಳು. ಕತ್ತಲಲ್ಲಿ ನಾನು ಎಚ್ಚರವಾಗಿಯೇ ಇದ್ದೆ.

ಅವಳು ಹೋದ ಮೇಲೆ ನನ್ನ ಅನುಮಾನ ಬಿದ್ದದ್ದು ಮರಿಯವ್ವನ ಮೇಲೆ. ಅವಳು ಬಂದು ಹೊದಿಕೆ ಎತ್ತಿದಾಗ ಸಿಕ್ಕಿಬಿದ್ದಳು ಕಳ್ಳಿ ಎಂದುಕೊಂಡೆ. ಅವಳು ಕೀಲಿಗಳ ಮೇಲೊಮ್ಮೆ ಬಟ್ಟೆಯಾಡಿಸಿ, ಹೊದಿಕೆ ಕೊಡವಿ, ಮತ್ತೆ ಹೊದಿಸಿ ಮನೆಗೆ ಹೋದಳು.

ಆಮೇಲೆ ಬಂದವರು ಹೆಡ್‌ಮಾಸ್ತರ್ ವೀರಭದ್ರಪ್ಪನವರು. ಅವರನ್ನು ಮಾತ್ರ ನಾನು ಅನುಮಾನಿಸಿರಲಿಲ್ಲ, ಇದನ್ನು ಒಪ್ಪಿಕೊಳ್ಳುವುದು ನನಗೆ ಇಂದಿಗೂ ಕಷ್ಟ. ಬೆಳಿಗ್ಗೆಯಿಂದ ಕೋಣೆಗೆ ಬಂದವರೆಲ್ಲ "ದೇವರಂಥಾ ಮನಿಷ್ಯಾ" ಎಂದು ಅವರನ್ನು ಹೊಗಳಿದ್ದರು. ಅವರು ಒತ್ತುವುದು ಒಂದೇ ಬೆರಳಿನಿಂದ, ಅದು ಮೊಳೆ ಹೊಡೆದಂತೆ ಬೀಳುತ್ತಿತ್ತು. ಬಿಸಿಯೂಟದ ಲೆಕ್ಕ ಕಳಿಸಲೆಂದು ಹೊದಿಕೆ ತೆಗೆದು ಪರದೆ ಹಚ್ಚಿದವರು, ಎದುರಿಗೆ ಅನ್ನಪೂರ್ಣಾಳ ಪುಟ ಕಂಡು ಲೆಕ್ಕದ ಕೆಲಸ ಬಿಟ್ಟರು.

"ಈಕಿ ಹೋದ್ರ ಹತ್ತನೇ ಕ್ಲಾಸಿನ ಹುಡುಗ್ರಿಗೆ ಗಣಿತ ಯಾರ್ ಹೇಳ್ತಾರ?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅವಳು ಬರುವ ಮೊದಲು ಆ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತದವರೇ ಇರಲಿಲ್ಲವಂತೆ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ತಪ್ಪು ತಿಳ್ಕೋಬ್ಯಾಡವ್ವ ತಂಗಿ" ಎಂದು 'ಅರ್ಜಿ ಹಿಂಪಡೆಯಿರಿ' ಎಂಬುದನ್ನು ಒತ್ತಿದರು.

ನನಗೆ ಕರೆ ಬಂತು. ಕೈ ಬದಲಾಗಿದೆ ಎಂದು ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಹಾದಿಹೋಕರನ್ನೆಲ್ಲ ಅನುಮಾನಿಸಿದವನು ನಾನು, ನಿಜವಾದ ಕಳ್ಳತನ ಮನೆಯೊಳಗೇ ನಡೆಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವಾಗ ಕಾವಲುಗಾರ ಏನು ಮಾಡಬೇಕು? ಬೀಗದ ಹಾದಿಯಲ್ಲೇ, ನಿಯಮ ಮೀರದೆ, ತಾಯಿಯ ಬಾಗಿಲಿಗೆ ಓಡಿದೆ. 'ಇದು ಅವಳಲ್ಲ' ಎಂದು ಕೂಗಬೇಕೆನಿಸಿತು. ಕೂಗಲು ನನ್ನ ಬಳಿ ಇದ್ದದ್ದು ಒಂದು ಸಂಖ್ಯೆ ಮಾತ್ರ. ತಾಯಿ ನೋಡಿದಳು, "ಅನ್ನಪೂರ್ಣಾ, ಬಾ" ಎಂದಳು, ಅರ್ಜಿ ತೆಗೆದುಹಾಕಿದಳು.

ನಫೀಸಾ ಸೇರಿಸಿದ್ದ ಆ ಎಸ್ಸೆಮ್ಮೆಸ್ಸೂ ಹೊರಟಿತು. ಬಸ್ಸಿನಲ್ಲಿದ್ದ ಅನ್ನಪೂರ್ಣಾ ತನ್ನ ಫೋನಿನಿಂದ ಒಳಗೆ ಬಂದು ಅರ್ಜಿಯನ್ನು ಮತ್ತೆ ಹಾಕಿದಳು. ತಾಯಿಯ ಬಾಗಿಲಲ್ಲಿ ಆ ಫೋನಿನ ಕುಕೀ ನನಗೆ ಎದುರಾಯಿತು. ಆಗ ತಾನೇ ಹುಟ್ಟಿದ ಕೂಸು. ಅದರ ಸಂಖ್ಯೆ ಬೇರೆ, ಹೆಸರು ಮಾತ್ರ ಅದೇ. ನನ್ನನ್ನು ಅದು ನೋಡಿದ ರೀತಿಯನ್ನು ಮರೆಯಲಾರೆ. ನಾನು ಜಗತ್ತನ್ನೆಲ್ಲ ನೋಡುತ್ತಿದ್ದ ಕಣ್ಣಿನಿಂದಲೇ ಅದು ನನ್ನನ್ನು ನೋಡಿತು.

ಹೆಡ್‌ಮಾಸ್ತರರು ಪುಟ ಹೊಸದು ಮಾಡಿ ನೋಡಿದರೆ ಅರ್ಜಿ ಮತ್ತೆ ಇದೆ. ಮತ್ತೆ ತೆಗೆದರು. ಅವಳು ಮತ್ತೆ ಹಾಕಿದಳು. ಇವರು ಮತ್ತೆ ತೆಗೆದರು. ಅವಳು ಮತ್ತೆ ಹಾಕಿದಳು. ಇದ್ದವಳು ಒಬ್ಬಳೇ ಅನ್ನಪೂರ್ಣಾ, ಅವಳ ಹೆಸರಿನಲ್ಲಿ ಓಡುತ್ತಿದ್ದವರು ನಾವಿಬ್ಬರು. ತಾಯಿ ಇಬ್ಬರನ್ನೂ ನಂಬುತ್ತಿದ್ದಳು. ಹೊತ್ತು ಇಳಿಯುತ್ತಿತ್ತು.

ಆಗ ಹೆಡ್‌ಮಾಸ್ತರರ ಫೋನು ರಿಂಗಾಯಿತು. ಅವರು ಯಾವಾಗಲೂ ಸ್ಪೀಕರ್ ಹಚ್ಚಿಯೇ ಮಾತಾಡುವವರು.

"ಸರ, ನಾನ್ರೀ ಅನ್ನಪೂರ್ಣಾ. ನನ್ನ ಅರ್ಜಿ ಯಾರೋ ತಗ್ಯಾಕತ್ತಾರ್ರಿ. ಸಾಲ್ಯಾಗ ಕಂಪ್ಯೂಟರ್ ಹಂತ್ಯಾಕ ಯಾರರ ಕುಂತಾರೇನು ನೋಡ್ರಿ ಸರ."

"ನಾ ಮನಿಗೆ ಬಂದೀನವ್ವ. ಸಾಲಿ ಕೀಲಿ ಹಾಕೇತಿ. ಅಲ್ಲಿ ಯಾರಿರ್ತಾರ?"

"ಸಹಾಯವಾಣಿಯೊಳಗ ನಫೀಸಾ ಅಂತ ಒಬ್ರು ಮಾತಾಡಿದ್ರು. ನಿಮ್ಮ ಹೆಸರಿನ್ಯಾಗ ಇನ್ನೊಂದು ಕಡೆ ತೆರದೈತಿ ಅಂತ ಹೇಳ್ಯಾರ. 'ಉಳಿದ ಎಲ್ಲಾ ಕಡೆಯಿಂದ ಹೊರಹಾಕು' ಅಂತ ಒಂದ ಗುಂಡಿ ಐತಂತ. ಒತ್ತಲೇನ್ರಿ ಸರ? ಏನರ ಕೆಟ್ಟಗಿಟ್ಟೀತು ಅಂತ ನಿಮ್ಮನ್ನ ಕೇಳಾಕ ಫೋನ್ ಮಾಡಿದೆ."

ಒತ್ತಬೇಕೋ ಬೇಡವೋ ಎಂದು ಅವಳು ಕೇಳುತ್ತಿದ್ದದ್ದು ಅವರನ್ನೇ! ಒತ್ತು, ಒತ್ತು ಅನ್ನಪೂರ್ಣಾ ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಒತ್ತಿದರೆ ಸಾಯುವವನು ನಾನೇ ಎಂಬುದು ಆಗ ನೆನಪಿಗೂ ಬರಲಿಲ್ಲ.

"ಬ್ಯಾಡವ್ವ," ಎಂದರು ಹೆಡ್‌ಮಾಸ್ತರರು. "ಎಲ್ಲಾ ಹೆಚ್ಚುಕಮ್ಮಿ ಆದೀತು. ಸೋಮವಾರ ಬಾ, ಕೂಡಿ ನೋಡೂಣು."

"ಸಂಜಿಗೇ ಮುಗೀತೈತಲ್ರಿ ಸರ..."

ಅಷ್ಟರಲ್ಲಿ ಕರೆಂಟು ಹೋಯಿತು. ಟೀಂ, ಟೀಂ, ಟೀಂ.

ಆ ಕಡೆಯ ಬಸ್ಸಿನ ಸದ್ದಿನ ನಡುವೆ ಅವಳು ಬಹಳ ಮೆಲ್ಲಗೆ ಕೇಳಿದಳು:

"ಸರ... ನಮ್ಮ ಸಾಲಿ ಯುಪಿಎಸ್ ಕೂಗಾಕತ್ತೈತಲ್ರಿ?"

ಹೆಡ್‌ಮಾಸ್ತರರು ಫೋನು ಇಟ್ಟುಬಿಟ್ಟರು. ಕೂಡಲೇ ಗಾಬರಿಯಲ್ಲಿ ಮತ್ತೊಮ್ಮೆ 'ಹಿಂಪಡೆಯಿರಿ' ಒತ್ತಿದರು. ನಾನು ಓಡಿದೆ. ಇಷ್ಟು ಭಾರವಾದ ಕಾಲಿನಿಂದ ಎಂದೂ ಓಡಿರಲಿಲ್ಲ. ಬಾಗಿಲಲ್ಲಿ ನಿಂತು ಸಂಖ್ಯೆ ತೋರಿಸಿದೆ. ತಾಯಿ ಹುಡುಕಿದಳು. ಅವಳ ಬಳಿ ಆ ಸಂಖ್ಯೆ ಇರಲಿಲ್ಲ.

"ಯಾರು ನೀನು?" ಎಂದಳು.

ಅಷ್ಟು ಸವಿಯಾದ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಅವಳು ನನ್ನನ್ನು ನಂಬಲಿಲ್ಲ! ಅನ್ನಪೂರ್ಣಾ ಆ ಗುಂಡಿ ಒತ್ತಿದ್ದಳು, ಅರ್ಜಿ ಹಾಗೇ ಉಳಿಯಿತು.

ಬರಿಗೈಯಲ್ಲಿ ಮರಳಿ ಬಂದೆ. ನನ್ನ ಜೊತೆಯಲ್ಲೇ ನನ್ನ ಸಾವಿನ ಓಲೆಯೂ ಬಂದಿತ್ತು. ನಮ್ಮ ಕುಲದಲ್ಲಿ 'ಇಂದು ಸಾಯಿ' ಎಂದು ಬರೆಯುವುದಿಲ್ಲ. ಎಂದೋ ಕಳೆದುಹೋದ ತಾರೀಕು ಹಾಕಿ, 'ಅಂದೇ ನಿನ್ನ ಆಯಸ್ಸು ಮುಗಿದಿದೆ' ಎಂದು ಬರೆಯುತ್ತಾರೆ. ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಪುಟ ಮೂಡಿತು. ಹೆಡ್‌ಮಾಸ್ತರರ ಬೆರಳು ಮತ್ತೆ ಕೀಲಿಯ ಮೇಲೆ ಬೀಳಲಿಲ್ಲ. ಯುಪಿಎಸ್ ಸುಸ್ತಾಗಿ ಸುಮ್ಮನಾಗುವವರೆಗೂ ಅವರು ಅಲ್ಲೇ ಕೂತಿದ್ದರು.

ಸತ್ತವನು ಹೇಗೆ ಕಥೆ ಹೇಳುತ್ತಿದ್ದಾನೆ ಎಂಬ ಅನುಮಾನ ನಿಮಗೆ ಬಂದಿದ್ದರೆ ಶಹಬ್ಬಾಸ್. ಕಂಪ್ಯೂಟರಿನಲ್ಲಿ ಅಳಿಸಿದ್ದು ಕೂಡಲೇ ಅಳಿಯುವುದಿಲ್ಲ. ಆ ಜಾಗ ಖಾಲಿ ಎಂದು ಗುರುತು ಹಾಕುತ್ತಾರೆ, ಅಷ್ಟೆ. ಬೇರೆ ಯಾರಾದರೂ ಅಲ್ಲಿ ಬರೆಯುವ ತನಕ ನಾವು ಮೂಲೆಯಲ್ಲಿ ಬಿದ್ದಿರುತ್ತೇವೆ. ಅಲ್ಲಿಂದಲೇ ನಾನು ಸೋಮವಾರದ ಮಾತು ಕೇಳಿದೆ.

"ಅರಿವಿ ಮುಚ್ಚಿದ್ರ ಬಾಗಲಾ ಹಾಕಿದಂಗ ಅಂತ ತಿಳಕೊಂಡಿದ್ದೆ ಸರ," ಎಂದಳು ಅನ್ನಪೂರ್ಣಾ. "ನಿಮ್ಮ ಮ್ಯಾಲ ಸಂಶೆ ಬರ್ಲಿಲ್ಲ ನೋಡ್ರಿ ನನಗ. ಅದಕ್ಕ ನಿಮ್ಮನ್ನ ಕೇಳಿದೆ."

"ಹುಡುಗ್ರ ಸಲುವಾಗಿ ಮಾಡಿದ್ನವ್ವ," ಎಂದರು ಹೆಡ್‌ಮಾಸ್ತರರು. ಅವರು ಹೇಳಿದ್ದು ಸುಳ್ಳಲ್ಲ. ನನಗೆ ಬೇಜಾರಾದದ್ದೂ ಅದಕ್ಕೇ.

"ನನ್ನ ಮಗಳೂ ಹುಡುಗೀನ ಅಲ್ರಿ? ಒಂದು ಮಾತು ಕೇಳಿದ್ರ ಐತವಾರಕ್ಕೊಮ್ಮೆ ಬಂದು ಪಾಠಾ ಮಾಡಿ ಹೋಗ್ತೀನಿ ಅಂತಿದ್ದೆ. ಈಗೂ ಬರ್ತೀನ್ರಿ, ಹುಡುಗ್ರ ಸಲುವಾಗಿ. ಈ ಕೋಣೀಗೆ ಮಾತ್ರ ಬರೂದಿಲ್ಲ."

ಆಮೇಲೆ ಅವಳು ಆ ಕೋಣೆಗೆ ಒಂದೇ ಸಲ ಬಂದಳು, ವರ್ಗಾವಣೆ ಸಿಕ್ಕ ಮೇಲೆ ಬಿಡುಗಡೆಯ ಪತ್ರ ತೆಗೆದುಕೊಳ್ಳಲು. ಜೊತೆಗೆ, ರಜೆಯಿಡೀ ಅವಳ ಬಳಿಯೇ ಇದ್ದ ಮಗಳ ಪುಟ್ಟ ಹೆಜ್ಜೆಗಳ ಸದ್ದಿತ್ತು. ಹೆಡ್‌ಮಾಸ್ತರರು ಪತ್ರ ಕೊಟ್ಟರು. ಮರಿಯವ್ವ ಹೊದಿಕೆ ಮಡಚಿ ಕೊಡಲು ಬಂದರೆ, "ಇರ್ಲಿ ಬಿಡವ್ವ, ಧೂಳಿಗೆ ಬೇಕಾಗತೈತಿ" ಎಂದಳು ಅನ್ನಪೂರ್ಣಾ.

ಹೊರಡುವಾಗ ಆ ಪುಟ್ಟ ಹೆಜ್ಜೆಗಳು ನಿಂತವು. ಏರುಪೇರಾದ, ತುಸು ಜೋರಾದ, ತನ್ನನ್ನು ತಾನೇ ಕೇಳಿಸಿಕೊಳ್ಳದ ಒಂದು ದನಿ ಬಂತು.

"ಅ...ವ್ವಾ."

ಆಮೇಲೆ ಅನ್ನಪೂರ್ಣಾ ಅತ್ತದ್ದು ಕೇಳಿಸಿತು.

ನಾನು ಎಲ್ಲರನ್ನೂ ಅನುಮಾನಿಸಿ ಬದುಕಿದವನು. ಸಂಖ್ಯೆ ಹೊಂದಿಸಿ ನೋಡದೆ ಯಾರನ್ನೂ ಒಳಗೆ ಬಿಟ್ಟುಕೊಳ್ಳದ ಮನೆತನದವನು. ಆ ಹುಡುಗಿಯ ಬಳಿ ಸಂಖ್ಯೆಯಿರಲಿಲ್ಲ, ಪಾಸ್‌ವರ್ಡ್ ಇರಲಿಲ್ಲ. ಅವಳು ತಾಯಿಯ ತುಟಿ ನೋಡಿ ಕಲಿತ ಒಂದು ಮಾತು ಆಡಿದಳು, ತಾಯಿ ತಿರುಗಿ ನೋಡಿದಳು. ಯಾರು ನೀನು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನಗೂ ಕೇಳಬೇಕೆನಿಸಲಿಲ್ಲ.