ಹಿಂದಿನಿಂದ ಕರೆಯಬಾರದು

ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಮಂಜೇಶ್ವರದ ಕಡಲ ದಂಡೆಯ ನಮ್ಮ ಕಡಪ್ಪುರದಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ತಾಯಿಹಾಲಿನ ಜೊತೆಗೇ ಬರುತ್ತದೆ. ಹಾಗಾಗಿಯೇ, ಆ ಮಾಘದ ಬೆಳಗ್ಗೆ ನನ್ನ ಗಂಡ ಲತೀಶ್ ಸಣ್ಣ ದೋಣಿಯಲ್ಲಿ ಒಬ್ಬರೇ ಹೊರಟಾಗ, ಅವರ ಹಳದಿ ಕ್ಯಾನು ಮರಳಿನ ಮೇಲೆಯೇ ಉಳಿದದ್ದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ.

ಮೊಬೈಲು, ಜಿಪಿಎಸ್, ಸೀಟಿ, ಎಲ್ಲ ಅದರಲ್ಲೇ. ನಮ್ಮವರು ಭಾರೀ ಜಾಗ್ರತೆಯ ಮನುಷ್ಯ. ಹೊಸಂಗಡಿಗೆ ಹೋಗುವಾಗಲೂ ಚೀಲದಲ್ಲಿ ಎರಡು ಕೊಡೆ ಇಟ್ಟುಕೊಳ್ಳುವವರು ಎಂದು ಊರಿಡೀ ತಮಾಷೆ. ಅಂಥವರೇ ಮರೆತರು. ನನ್ನ ಕಾಲು ಎರಡು ಹೆಜ್ಜೆ ಓಡಿತು, ನಾಲಿಗೆ ಮಾತ್ರ ಏಳಲಿಲ್ಲ. ಛೆ, ಎಂಥ ಮಂಕು ನಾನು!

ಸ್ವಲ್ಪ ಹೊತ್ತಿಗೆಲ್ಲ ಮಂಜು ಇಳಿಯಿತು. ಕಡಲು, ಆಕಾಶ, ಕಡಲ್ಕೊರೆತ ತಡೆಯಲೆಂದು ಹಾಕಿದ ಕರಿಕಲ್ಲಿನ ಸಾಲು, ಎಲ್ಲ ಒಂದೊಂದಾಗಿ ಕರಗಿದವು. ನನ್ನ ಕೈಯೇ ಬೇರೆ ಯಾರದೋ ಅನಿಸಿತು. ದೂರದಲ್ಲಿ ಇಂಜಿನಿನ ಸದ್ದು ಸುತ್ತಿ ಸುತ್ತಿ, ನಿಂತೇಬಿಟ್ಟಿತು. ಆ ಕಲ್ಲಿನ ಸಾಲಿನಲ್ಲಿ ದೋಣಿ ನುಗ್ಗುವಷ್ಟು ಇರುವುದು ಒಂದೇ ಕಂಡಿ. ತಪ್ಪಿದರೆ ಅಲೆ ಎತ್ತಿ ಕಲ್ಲಿಗೆ ಬಡಿಯುತ್ತದೆ.

ಎಷ್ಟು ಹೊತ್ತು ನಿಂತೆನೋ. ಹೊತ್ತು ಎಂಬುದೂ ಆ ಬಿಳುಪಿನೊಳಗೆ ಸೇರಿಹೋಗಿತ್ತು. ಕೊನೆಗೆ ತಡೆಯಲಾಗಲಿಲ್ಲ. ಕಂಡಿಯ ಬಾಯಲ್ಲಿ ಮೊಣಕಾಲುದ್ದ ನೀರಿಗಿಳಿದು ಕೂಗಿದೆ.

"ಲತೀಶಾ!"

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವರ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಒಮ್ಮೆ ಬಂದ ಮೇಲೆ ಆ ಹೆಸರು ನಿಲ್ಲಲೇ ಇಲ್ಲ. ಗಂಟಲು ಬಿದ್ದುಹೋಗುವವರೆಗೆ ಕೂಗಿದೆ.

ಮೊದಲು ಹುಟ್ಟು ಹಾಕುವ ಸದ್ದು ಬಂತು, ಆಮೇಲೆ ದೋಣಿಯ ಮೂತಿ. ನೇರ ಕಂಡಿಗೇ.

"ಮಂಜಿನಲ್ಲಿ ಓಡಿಸಬಾರದು ಅಂತ ಇಂಜಿನ್ ನಿಲ್ಲಿಸಿ ಲಂಗರು ಹಾಕಿದೆ," ಎಂದರು ಏದುಸಿರು ಬಿಡುತ್ತ. "ಅದು ತಳಕ್ಕೆ ಕಚ್ಚಲಿಲ್ಲ. ನೀರು ಕಲ್ಲಿನ ಕಡೆಗೇ ಎಳೀತಾ ಇತ್ತು. ಗಾಳಿ ಇನ್ನೂ ದಡದಿಂದ ಬೀಸ್ತಾ ಉಂಟು, ನಮ್ಮ ಪುಣ್ಯ. ತಿರುಗಿದ್ದರೆ ನಿನ್ನ ಸ್ವರ ನನಗೆ ಎಲ್ಲಿ ಕೇಳ್ತಿತ್ತು?"

ನಾನು ಕ್ಯಾನು ತೋರಿಸಿ ಅತ್ತುಬಿಟ್ಟೆ. "ನೀವು ಹೊರಡುವಾಗಲೇ ನೋಡಿದ್ದೆ. ಕರೆಯಲಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವರು ಮುಖ ಒರೆಸಿಕೊಂಡು ತಲೆ ತಗ್ಗಿಸಿದರು.

"ಕಂಡಿ ದಾಟುವ ಮೊದಲೇ ನನಗೂ ನೆನಪಾಗಿತ್ತು ಲೋಲಾಕ್ಷಿ. ಹೊರಟವ ತಿರುಗಿ ಬರಬಾರದಲ್ಲ ಅಂತ ಹಾಗೇ ಹೋದೆ."