ಕೈ ಮಾಡಿದರೆ ನಿಲ್ಲುತ್ತದೆ

ಮಾಳಿಂಗ ಎಂಟನೆಯ ತರಗತಿಗೇ ಶಾಲೆ ಬಿಟ್ಟದ್ದು ಬಸ್ಸಿನ ದೆಸೆಯಿಂದ. ಮೋರಟಗಿ ಕಡೆಯಿಂದ ಸಿಂದಗಿಗೆ ಹೋಗುವ ಬಸ್ಸು ಅವನೂರ ಮುಂದೆ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಈಗ ತಂಗಿ ರಾಜಶ್ರೀಗೆ ಸಿಂದಗಿಯಲ್ಲಿ ಕಾಲೇಜು. ಬಸ್ಸಿಗೆ ಮಾತ್ರ ಇನ್ನೂ ಅದೇ ಅವಸರ.

ಆ ಸಿಟ್ಟಿನಿಂದಲೇ ಅವನು ಮೊಬೈಲಿನ ನಕ್ಷೆಗೆ ಕೈ ಹಾಕಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ, ಅವನಂತೆ ಟಂಟಂ ಆಟೋ ಓಡಿಸುವವರು, ಕಾಲೇಜು ಹುಡುಗರು ಬಸ್ಸು ನಿಲ್ಲುವ ಜಾಗಗಳಿಗೆಲ್ಲ ಅದರಲ್ಲಿ ಗುರುತು ಹಾಕಿ, ಗುರುತಿಗೆ ಟ್ಯಾಗ್ ಅಂಟಿಸುತ್ತಿದ್ದರು: ‘ನೆರಳಿದೆ’, ‘ಕುಡಿಯುವ ನೀರಿದೆ’, ‘ಕೈ ಮಾಡಿದರೆ ನಿಲ್ಲುತ್ತದೆ’. ಅದನ್ನು ನೋಡಿ ಡಿಪೋದ ಸಾಹೇಬರು ಮಾತು ಕೊಟ್ಟಿದ್ದರು: “ನಿಮ್ಮೂರಾಗ ಒಂದ ಜಾಗಾ ತೋರಸ್ರಿ, ಸೋಮವಾರದಿಂದ ನಿಲ್ಲಸಾಕ ಹೇಳ್ತೇನಿ. ಎರಡ ತೋರಸಿದ್ರ ಒಂದೂ ಇಲ್ಲ.”

ಮಾಳಿಂಗ ನಕ್ಷೆ ತೆರೆದ. ಅವನೂರಲ್ಲೇ ಐದು ನಿಲುಗಡೆ, ಓಣಿಗೊಂದು. ಬಸ್ಸು ತಮ್ಮ ಬಾಗಿಲಿಗೇ ಬರಲೆಂದು ಒಬ್ಬೊಬ್ಬರೂ ಒಂದೊಂದು ನೆಟ್ಟಿದ್ದರು.

ನೆಟ್ಟಗೆ ಬಸವಂತರಾಯನ ಚಹಾದಂಗಡಿಗೆ ನಡೆದ.

“ಕಾಕಾ, ನಿನ್ನ ಅಂಗಡಿ ಮುಂದ ಬಸ್ ಯಾವಾಗ ನಿಂತೈತಿ?”

“ನಿಂದರ್ಲಿ ಅಂತ ಹಾಕೇನಪಾ.” ಬಸವಂತರಾಯ ಚಹಾ ಸೋಸುತ್ತಲೇ ಅಂದ. “ನಿಮ್ಮವ್ವನ ಬಾಗಿಲಿಗೂ ಒಂದ ಐತಲ್ಲ, ಅದನ್ನ ನಾಯಿ ಬಂದ ಹಾಕಿತೇನು?”

ಕುಳಿತವರು ನಕ್ಕರು. ಅವ್ವ ಹನಮವ್ವನಿಗೆ ಮೊಣಕಾಲು ನೋವೆಂದು ಮಾಳಿಂಗನೇ ಹಾಕಿದ್ದ ಗುರುತು ಅದು. ಅವನು ಎಲ್ಲರೆದುರಿಗೇ ಅದನ್ನು ಅಳಿಸಿದ.

“ನಂದು ಹೋತು. ಈಗ ಖರೇ ಹೇಳ್ರಿ, ಬಸ್ ನಿಂದ್ರೂದೆಲ್ಲಿ?”

ಕುಳಿತವರು ಚಹಾದ ಬಟ್ಟಲಿಗೆ ಬಾಯಿ ಹಚ್ಚಿದರು. ಎಲ್ಲರಿಗೂ ಗೊತ್ತಿತ್ತು. ದಲಿತರ ಕೇರಿಯ ಬೇವಿನ ಗಿಡದ ಹತ್ತಿರ ರಸ್ತೆಗೆ ಉಬ್ಬು ಹಾಕಿದ್ದಾರೆ. ಅಲ್ಲಿ ಬಸ್ಸು ನಿಧಾನವಾಗಲೇಬೇಕು. ಕೇರಿಯ ಹುಡುಗರು ಕೈ ಮಾಡಿ ಅಲ್ಲೇ ಹತ್ತಿ ಓದಲು ಹೋದರು. ಮಾಳಿಂಗನನ್ನು ಅಲ್ಲಿ ಹೋಗಿ ನಿಲ್ಲಲು ಅವನಪ್ಪ ಬಿಟ್ಟಿರಲಿಲ್ಲ. ಇಷ್ಟು ವರ್ಷ ಬಸ್ಸಿಗೆ ಬೈದದ್ದೇ ಬೈದದ್ದು.

ಮಾಳಿಂಗ ಅಲ್ಲೇ ನಿಂತು ಕೇರಿಯ ಗೆಳೆಯ ಪ್ರೇಮಕುಮಾರನಿಗೆ ಫೋನು ಹಚ್ಚಿದ. “ಬೇವಿನ ಗಿಡಕ್ಕ ಗುರುತು ಯಾಕ ಹಾಕಿಲ್ಲಲೇ?”

“ಎರಡ ಸಲ ಹಾಕೇನಿ, ನಿಮ್ಮವರ ಅಳಸ್ಯಾರ. ಈಗ ನೀ ಹಾಕು, ನೋಡೂನು.”

ಮಾಳಿಂಗ ಹಾಕಿದ. ‘ನೆರಳಿದೆ’. ‘ಕೈ ಮಾಡಿದರೆ ನಿಲ್ಲುತ್ತದೆ’. ಆಮೇಲೆ ತಲೆಯೆತ್ತಿ, “ಇದನ್ನ ಅಳಸಿದವರ ಹೆಸರು ನಕ್ಷೆದಾಗ ಕಾಣತೈತಿ. ಅವರ ಮನಿಗೆ ಬರ್ತೇನಿ. ಉಳದ ನಾಕೂ ನೀವ ತಗೀರಿ, ಇಲ್ಲಾ ಬಸ್ಸಿನ ಆಸೆ ಬಿಡ್ರಿ,” ಅಂದ.

ಬಸವಂತರಾಯ ಒಲೆಯ ಉರಿ ಸಣ್ಣಗೆ ಮಾಡಿದ. ಮೊಬೈಲು ಮುಂದೆ ಚಾಚಿದ. “ತಗಿ. ಹಾಕಾಕ ಬರ್ತಿತ್ತು, ತಗಿಯಾಕ ಬರೂದಿಲ್ಲ.”

ಉಳಿದ ಮೂವರ ಮನೆಗೂ ಮಾಳಿಂಗ ಹೋದ. ಜಗಳವಾಡಿದ, ತೆಗೆಸಿದ.

ಮನೆಯಲ್ಲಿ ಹನಮವ್ವ ಕೇಳಿದಳು: “ಹುಡುಗಿ ಕೇರಿಗಿ ಹೋಗಿ ನಿಂದರಬೇಕೇನೋ?”

“ನಿನ್ನ ಗಂಡ ನನಗ ನಿಂದರಗೊಡಲಿಲ್ಲ. ನಾ ಟಂಟಂ ಹೊಡಿಯಾಕತ್ತೇನಿ. ಆಕೀನೂ ಹೊಡೀಲೇನು?”

ಹನಮವ್ವ ಮೊಣಕಾಲು ಹಿಡಿದು ಎದ್ದು ಒಳಗೆ ಹೋದಳು.

ಸೋಮವಾರ ಬೇವಿನ ಗಿಡದ ಕೆಳಗೆ ರಾಜಶ್ರೀ ಕೈ ಮಾಡಿದಳು. ಬಸ್ಸು ನಿಂತಿತು. ಮಗಳನ್ನು ಹತ್ತಿಸಲು ಮಾಳಿಂಗನ ಜೊತೆ ಕುಂಟುತ್ತ ಬಂದಿದ್ದ ಹನಮವ್ವ ಗಿಡದ ಬುಡಕ್ಕೆ ಕುಸಿದು ಕುಳಿತಳು. ಪ್ರೇಮಕುಮಾರನ ತಾಯಿ ಕಸ್ತೂರೆವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಯವ್ವಾ, ಒಂದೀಟ ನೀರ ಕೊಡಬೇ,” ಅಂದಳು ಹನಮವ್ವ.

ಕಸ್ತೂರೆವ್ವ ತಂದುಕೊಟ್ಟ ನೀರನ್ನು ಅವ್ವ ಕುಡಿದು ತಂಬಿಗೆ ಕೆಳಗಿಡುವವರೆಗೂ ಕಾದು, ಮಾಳಿಂಗ ಮೊಬೈಲು ತೆಗೆದು ಇನ್ನೊಂದು ಟ್ಯಾಗ್ ಸೇರಿಸಿದ.