ಲೈಟು ಹತ್ತದ ಕ್ಯಾಮೆರಾ

ನಾನು ಒಂದು ಕ್ಯಾಮೆರಾ. ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದೇನೆ. ಹುಟ್ಟಿದ್ದು ಯಾವ ದೇಶದ ಕಾರ್ಖಾನೆಯಲ್ಲೋ, ಕಣ್ಣು ಬಿಟ್ಟಿದ್ದು ಮಾತ್ರ ಹುಬ್ಬಳ್ಳಿಯ ಒಂದು ಮದುವೆ ಮನೆಯಲ್ಲಿ. ಮೊದಲ ಯಜಮಾನ ವಿರೂಪಾಕ್ಷಿ ಮದುವೆ ವಿಡಿಯೊದವನು. ಒಮ್ಮೆ ಬೀಗರು ಅರಿಷಿಣ ನೀರು ಎರಚಾಡುವಾಗ ನನಗೂ ಒಂದು ತಂಬಿಗೆ ಬಿತ್ತು. ಚಿತ್ರ ಹಿಡಿಯುವಾಗ ಮೂಗಿನ ಮೇಲೆ ಹತ್ತುವ ಕೆಂಪು ಲೈಟು ಅಂದೇ ಹೋಯಿತು. ಉಳಿದದ್ದೆಲ್ಲ ಗಟ್ಟಿಮುಟ್ಟು! ಆದರೂ ಲೈಟು ಹತ್ತದ್ದು ನೋಡಿ, ಕ್ಯಾಮೆರಾ ಬಂದ್ ಇಟ್ಟಿದ್ದಾನೆ ಅಂತ ಹೋದ ಮದುವೆಗಳಲ್ಲೆಲ್ಲ ಬೀಗರು ಜಗಳ ತೆಗೆದರು. ಬೇಸತ್ತ ವಿರೂಪಾಕ್ಷಿ ನನ್ನನ್ನು ಹಳೇ ಸಾಮಾನಿನ ಅಂಗಡಿಗೆ ಕೊಟ್ಟುಬಿಟ್ಟ.

ಅಲ್ಲಿಗೆ ಬಂದಳು ಶಿವಲೀಲಾ, ಯಾರ ಹಂಗೂ ಇಲ್ಲದೆ ಸಾಕ್ಷ್ಯಚಿತ್ರ ಮಾಡುವ ಹುಡುಗಿ. ಬಸಲಿಂಗವ್ವನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ ಹೆಂಗಸರು ಆಡುವ ಮಾತು, ಬೈಗುಳ, ನಗು, ಅದೇ ಅವಳ ಚಿತ್ರ. ಆದರೆ ಬಾಡಿಗೆಗೆ ತಂದ ದೊಡ್ಡ ಕ್ಯಾಮೆರಾದ ಕೆಂಪು ಲೈಟು ಹತ್ತಿದ್ದೇ ತಡ, ಬಸಲಿಂಗವ್ವ ಸೆರಗು ಸರಿಮಾಡಿಕೊಂಡು, ಕಣ್ಣು ಮಿಟುಕಿಸದೆ ಫೋಟೊಕ್ಕೆ ನಿಂತ ಹಾಗೆ ನಿಂತುಬಿಡುತ್ತಿದ್ದಳಂತೆ. ಹಂಚಿನ ಮೇಲೆ ರೊಟ್ಟಿ ಕರಕಾದರೂ ತುಟಿ ಬಿಚ್ಚುತ್ತಿರಲಿಲ್ಲವಂತೆ. ಮಾತಿಲ್ಲದಿದ್ದರೆ ನನ್ನ ಚಿತ್ರವೇ ಇಲ್ಲ ಅಂತ ಶಿವಲೀಲಾ ಅಳುವುದೊಂದು ಬಾಕಿ.

ಅಂಗಡಿಯವನು ಉದ್ದ ಮೂತಿಯ ನನ್ನ ದೊಡ್ಡಣ್ಣಂದಿರನ್ನೆಲ್ಲ ತೋರಿಸಿದ. "ಇದ್ರಾಗ ಥೇಟ್ ಸಿನಿಮಾದಂಗ ಬರ್ತೇತ್ರಿ," ಅಂದ. ಅವಳು ನನ್ನತ್ತ ಕೈ ಚಾಚಿದಾಗ, "ಅದು ಬ್ಯಾಡ ಬಿಡ್ರಿ ಮೇಡಂ, ಲೈಟ್ ಹತ್ತಂಗಿಲ್ಲ," ಅಂದ.

ಅವಳ ಮುಖ ಅರಳಿತು. "ಹಂಗಾರ ನನಗ ಇದ ಬೇಕ್ರಿ!"

ಆಹಾ, ನನ್ನ ಕುಂದೇ ನನ್ನ ಅದೃಷ್ಟವಾಯಿತು ನೋಡಿ!

ಮರುದಿನ ಖಾನಾವಳಿಯ ಹಿಟ್ಟಿನ ಡಬ್ಬಿಯ ಮೇಲೆ ಕೂತೆ. ಶಿವಲೀಲಾ ಕದ್ದು ತೆಗೆಯುವವಳಲ್ಲ. "ಅಕ್ಕಾರ, ಕ್ಯಾಮೆರಾ ಚಾಲೂ ಐತ್ರಿ," ಅಂತ ಹೇಳಿಯೇ ಶುರು ಮಾಡಿದಳು.

"ಲೈಟ್ ಎಲ್ಲಿ ಹತ್ತೇತಿ? ಕೆಟ್ಟಿರಬೇಕು ತಂಗಿ, ರಿಪೇರಿ ಮಾಡ್ಸು," ಅಂದವಳೇ ಬಸಲಿಂಗವ್ವ ರೊಟ್ಟಿ ಬಡಿಯುತ್ತ ಮಾತಿಗೆ ಬಿದ್ದಳು. ಅಬ್ಬಬ್ಬಾ! ಗಂಡ, ಗ್ಯಾಸಿನವನು, ಉಂಡ ತಾಟು ಎತ್ತದವರು, ಯಾರನ್ನೂ ಬಿಡಲಿಲ್ಲ. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಫಕೀರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ಮದುವೆ ಮನೆಗಳಲ್ಲಿ ಸಿಗದ ಖುಷಿ ಸಿಕ್ಕಿತು.

ಚಿತ್ರ ಮುಗಿದಾಗ ಶಿವಲೀಲಾ, ಬಸಲಿಂಗವ್ವ ಬೇಡವೆಂದರೆ ಎಲ್ಲವನ್ನೂ ಅಳಿಸಬೇಕು ಅಂದುಕೊಂಡೇ ಖಾನಾವಳಿಯ ಗೋಡೆಯ ಮೇಲೆ ತೋರಿಸಿದಳು. ಬಸಲಿಂಗವ್ವ ಬಾಯಿಯ ಮೇಲೆ ಕೈಯಿಟ್ಟು ನೋಡಿದಳು.

"ಅಯ್ಯ ಇಕಿನ! ಖರೇನ ಚಾಲೂ ಇತ್ತೇನ?" ಎಂದು ಶಿವಲೀಲಾಳ ಬೆನ್ನಿಗೊಂದು ಗುದ್ದಿದಳು. ಆಮೇಲೆ ಮೆಲ್ಲಗೆ, "ನಾ ಇಷ್ಟ ಚಂದ ಬೈತೀನೇನ? ಇನ್ನೊಮ್ಮೆ ಹಾಕು," ಅಂದಳು.

ಈಗ ನನಗೆ ವಯಸ್ಸಾಗಿದೆ. ಸಂದುಗೊಂದಿಯಲ್ಲೆಲ್ಲ ಜೋಳದ ಹಿಟ್ಟು, ಕಣ್ಣು ಮಂಜು. ಖಾನಾವಳಿಯ ಗೋಡೆಯ ಮಾಡದಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಹಾಯಾಗಿದ್ದೇನೆ. ಮೊನ್ನೆ ಶಿವಲೀಲಾ ಮುಂದಿನ ಚಿತ್ರಕ್ಕೆಂದು ಹೊಸ ಕ್ಯಾಮೆರಾ ತಂದಳು. ಅದರ ಕೆಂಪು ಲೈಟು ಝಗ್ಗನೆ ಹತ್ತಿತು. ಅಯ್ಯೋ, ಮತ್ತೆ ಎಲ್ಲರೂ ಮೂಕರಾಗುತ್ತಾರಲ್ಲ!

ಬಸಲಿಂಗವ್ವ ಎದ್ದು ಬಂದಳು. ಚೂರು ನಾದಿದ ಹಿಟ್ಟು ತೆಗೆದು ಆ ಲೈಟಿಗೆ ಮೆತ್ತಿದಳು.

"ಹಾಂ, ಈಗ ಚಾಲೂ ಮಾಡು," ಅಂದು, ನನ್ನ ಕಡೆ ನೋಡಿ ನಕ್ಕು, ರೊಟ್ಟಿ ಬಡಿಯಲು ಕೂತಳು.